ನನ್ನ ತಟ್ಟು ಅದಲ್ಲ

ಸಂಜೆ ಐದೂಕಾಲಿಗೆ ಕರೆಂಟು ಹೋಯಿತು. ಹೊಲಿಗೆ ಅಂಗಡಿಯ ಮಷೀನುಗಳೆಲ್ಲ ಒಟ್ಟಿಗೆ ನಿಂತವು. ಮೂಲೆಯಲ್ಲಿದ್ದ ಬ್ಯಾಟರಿ ಪೆಟ್ಟಿಗೆ ಒಂದು ಸಲ ಕೀರಲು ದನಿ ತೆಗೆದು ಅದೂ ಸುಮ್ಮನಾಯಿತು. ಮಧ್ಯಾಹ್ನ ಹಿಡಿದ ಮಳೆ ಬಿಟ್ಟಿರಲಿಲ್ಲ. ರಸ್ತೆಯ ನೀರು ಅಂಗಡಿಯ ಮೆಟ್ಟಿಲು ಮುಟ್ಟಿತ್ತು. ಪ್ಯಾಂಟಿನ ಕಾಲು ಗಿಡ್ಡ ಮಾಡಿಸಲು ಹೋಗಿದ್ದ ನಾನು ಅಲ್ಲೇ ಸಿಕ್ಕಿಕೊಂಡೆ. ಒಂದು ಕಾಲು ಮುಗಿದಿತ್ತು, ಇನ್ನೊಂದು ಸೂಜಿಯ ಕೆಳಗೇ ಉಳಿದಿತ್ತು.

ಅಂಗಡಿ ಎಂದರೆ ಉದ್ದನೆಯ ಒಂದೇ ಕೋಣೆ. ಎರಡೂ ಗೋಡೆಗೆ ಮಷೀನುಗಳು, ನಡುವೆ ಮೊಣಕಾಲೆತ್ತರಕ್ಕೆ ಶಾಲಾ ಸಮವಸ್ತ್ರದ ರಾಶಿ. ಹಿಂದೆ ಮಹಡಿಗೆ ಹೋಗುವ ಮರದ ಮೆಟ್ಟಿಲು. ಅದರ ಬಾಗಿಲಿಗೆ ಅಡ್ಡವಾಗಿ ಬಟ್ಟೆಯ ಗಂಟುಗಳನ್ನು ಒಟ್ಟಿದ್ದರು. ಅಂಗಡಿ ನಡೆಸುವವಳು ಐವತ್ತರ ಆಸುಪಾಸಿನ ಹೆಂಗಸು. ಅವಳ ಸೋದರತ್ತೆ ಕಿಟಕಿಯ ಬಳಿ ಸ್ಟೂಲಿನ ಮೇಲೆ ಕೂತು ಅಂಗಿಗಳ ಗುಂಡಿತೂತಿಗೆ ಕೈಯಲ್ಲೇ ಕಾಜಾ ಹೊಲಿಯುತ್ತಿದ್ದಳು. ವಯಸ್ಸು ಎಂಬತ್ತರ ಹತ್ತಿರ. ಬೀದಿಗೆಲ್ಲ ಅವಳು ಕಾಜಾ ಅಜ್ಜಿ. ಇವರಲ್ಲದೆ ಹೊಸದಾಗಿ ಸೇರಿದ್ದ ಒಬ್ಬ ಹೊಲಿಗೆಯವಳು, ಇಸ್ತ್ರಿಯವನು ಮತ್ತು ನಾನು.

ಮಷೀನು ನಿಂತ ಮೇಲೆ ಹೊಸಬಳಿಗೆ ಸುಮ್ಮನಿರಲು ಆಗಲಿಲ್ಲ.

"ಇಲ್ಲಿ ಉಸಿರಾಡೋಕೆ ಜಾಗ ಇಲ್ಲ, ಮೇಲೆ ಇಡೀ ಮಹಡಿ ಖಾಲಿ ಬಿದ್ದಿದೆ. ಅಲ್ಲೇನು ಹಾವು ಸಾಕಿದೀರಾ ಅಕ್ಕ?"

"ಊರಿಗೆಲ್ಲ ಕರೆಂಟು ಹೋದ್ರೂ ನಿನ್ನ ಬಾಯಿಗೆ ಮಾತ್ರ ಇದೆ ನೋಡು" ಎಂದಳು ಯಜಮಾನಿ.

"ಹಾವಲ್ಲ ಕಣೇ" ಎಂದಳು ಕಾಜಾ ಅಜ್ಜಿ, ನೂಲನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡುತ್ತ. "ಅಲ್ಲಿ ನಮ್ಮಮ್ಮ ಇದಾಳೆ."

ಇಸ್ತ್ರಿಯವನು ನಕ್ಕ. ಯಜಮಾನಿ ನಗಲಿಲ್ಲ. ಎದ್ದು ಹೋಗಿ ಬ್ಯಾಟರಿಯ ಗುಂಡಿಯನ್ನು ಮತ್ತೆ ಮತ್ತೆ ಒತ್ತಿ ನೋಡಿದಳು. ಅಜ್ಜಿ ಕಾಜಾ ಹೊಲಿಯುತ್ತಿದ್ದ ಅಂಗಿಯನ್ನು ತೊಡೆಯ ಮೇಲೆ ಮಡಿಸಿಟ್ಟು, ಕಾಲು ನೀಡಿ ಕೂತು, ಹೇಳಲು ಶುರುಮಾಡಿದಳು. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ.

"ನಗಪ್ಪ ನಗು, ನಿನಗೇನು, ಇಸ್ತ್ರಿ ಪೆಟ್ಟಿಗೆ ತಣ್ಣಗಾದ್ರೆ ನಿನ್ನ ಕೆಲಸ ಮುಗೀತು... ನಾನು, ಇವಳು ಬಿಟ್ರೆ ನಮ್ಮಮ್ಮನ್ನ ನೋಡಿದೋರು ಈಗ ಈ ಬೀದೀಲಿ ಯಾರೂ ಇಲ್ಲ. ಈ ಅಂಗಡೀನ ಅವಳ ಕೈಗೆ ಬಿಟ್ಟು ನಮ್ಮಪ್ಪ ತೀರ್ಕೊಂಡಾಗ ನಾವು ಮೂರು ಜನ ಮಕ್ಕಳು, ಮೇಲೆ ಅಣ್ಣ, ಕೆಳಗೆ ತಂಗಿ, ನಡುವೆ ನಾನು. ಹೆಂಗಸು ಕೋಟು ಕತ್ತರಿಸ್ತಾಳೆ ಅಂದ್ರೆ ಆಗ ಯಾರು ಬಟ್ಟೆ ಕೊಡ್ತಾರೆ ಹೇಳಿ? ಹಾಗಾಗಿ ಅವಳು ಮೇಲೆ ಸೇರ್ಕೊಂಡ್ಳು. ಕೆಳಗೆ ಗಂಡಸರನ್ನ ಕೂರಿಸಿ ಅಳತೆ ತಗೊಳ್ಳೋಕೆ ಬಿಟ್ಟು, ತಾನು ಮಹಡಿ ಕಿಟಕಿಯಿಂದ ಗಿರಾಕಿ ನಡೆದು ಬರೋದನ್ನೇ ನೋಡ್ತಾ ಇದ್ಳು. 'ಆ ದಪ್ಪಗಿರೋರಿಗೆ ಎಡಭುಜ ಒಂದು ಬೆರಳು ತಗ್ಗು, ಟೇಪು ಸುಳ್ಳು ಹೇಳುತ್ತೆ, ನನ್ನ ಕಣ್ಣು ಹೇಳಲ್ಲ' ಅನ್ನೋಳು. ಅವಳು ಕತ್ತರಿಸಿದ ಕೋಟು ಹಾಕ್ಕೊಂಡ್ರೆ ಗೂನು ಬೆನ್ನಿನೋನೂ ಸೇನಾಪತಿ ಥರ ಕಾಣ್ತಿದ್ದ. ಬಡವರ ಮನೆ ಮಕ್ಕಳ ಸಮವಸ್ತ್ರಕ್ಕೆ ಒಳಗಡೆ ಯಾರಿಗೂ ಕಾಣದ ಹಾಗೆ ಬಟ್ಟೆ ಬಿಟ್ಟಿರೋಳು. ಮಗು ಬೆಳೆದ ಹಾಗೆ ಬಿಚ್ಚಿ ಬಿಚ್ಚಿ ಉದ್ದ ಮಾಡ್ಕೊಳ್ಳಲಿ ಅಂತ. ಆ ಮಕ್ಕಳೆಲ್ಲ ದೊಡ್ಡೋರಾದ ಮೇಲೂ ಇವಳನ್ನ ಅಮ್ಮಾ ಅಂತಲೇ ಕರೀತಿದ್ರು... ಊರಿಗೆಲ್ಲ ಅಮ್ಮ ಅವಳು. ಊರಿಗೆಲ್ಲ.

"ಈಗ ತಟ್ಟಿನ ವಿಷಯ ಕೇಳಿ. ಕೆಳಗೆ ಕಾಲಲ್ಲಿ ತುಳಿಯೋ ಮಷೀನುಗಳ ಗಲಾಟೆ, ಮೇಲೆ ಇವಳ ಬಾಯಿ ತುಂಬ ಗುಂಡುಸೂಜಿ. ಕೂಗೋದು ಹೇಗೆ? ಗಜಕಡ್ಡಿ ಇತ್ತಲ್ಲ, ಬಟ್ಟೆ ಅಳೆಯೋ ಮರದ ಕಡ್ಡಿ, ತುದಿಗೆ ಹಿತ್ತಾಳೆ ಬಿಲ್ಲೆ... ಅದರಲ್ಲಿ ನೆಲಕ್ಕೆ ತಟ್ಟೋಳು. ಮೇಲಿನ ನೆಲ ಹಲಗೆ, ತಟ್ಟಿದ್ರೆ ಕೆಳಗೆ ನಮ್ಮ ತಲೆ ಮೇಲೇ ತಟ್ಟಿದ ಹಾಗೆ. ಒಬ್ಬೊಬ್ಬರಿಗೆ ಒಂದೊಂದು ತಟ್ಟು. ಅಣ್ಣನಿಗೆ ಒಂದೇ ಏಟು, ಗಟ್ಟಿಯಾಗಿ. ತಂಗಿಗೆ ಕೋಳಿ ಕಾಳು ಕುಕ್ಕಿದ ಹಾಗೆ, ಟಕಟಕಟಕ. ನನಗೆ? ಒಂದು ತಟ್ಟಿ, ಕಡ್ಡೀನ ಹಲಗೆ ಮೇಲೆ ಸರ್ರಂತ ಎಳೆಯೋಳು. 'ನೀನು ಸೋಮಾರಿ, ನಿನ್ನನ್ನ ಎಳ್ಕೊಂಡೇ ಬರಬೇಕು' ಅಂತ. ತಟ್ಟು ಕೇಳಿದ್ರೆ 'ಬಂದೆ ಅಮ್ಮಾ' ಅಂತ ಕೂಗಿ ಓಡಬೇಕು. ಕೂಗದೇ ಇದ್ರೆ ಮತ್ತೆ ತಟ್ಟೋಳು, ಮತ್ತೆ ತಟ್ಟೋಳು... ಯಾರ ತಟ್ಟೋ ಅವರೇ ಹೋಗಬೇಕು, ಇನ್ನೊಬ್ಬರು ಹತ್ತೋ ಹಾಗಿಲ್ಲ. ಮಷೀನು ತುಳೀತಾ ತುಳೀತಾ, ನಿದ್ದೇಲಿ ಸೊಳ್ಳೆ ಹೊಡ್ಕೊಂಡ ಹಾಗೆ, ಬಾಯಿ ತಾನೇ 'ಬಂದೆ ಅಮ್ಮಾ' ಅಂದುಬಿಡ್ತಿತ್ತು. ಯೋಚನೆ ಮಾಡೋ ಮೊದಲೇ ಕಾಲು ಮೆಟ್ಟಿಲ ಮೇಲೆ ಇರ್ತಿತ್ತು.

"ಅಣ್ಣ ದೊಡ್ಡೋನಾದ. ಎಲ್ಲಿ ಅಂಗಡಿ ಹಾಕಿದ ಗೊತ್ತಾ? ಎದುರುಗಡೆ. ಈ ಬಾಗಿಲಲ್ಲಿ ನಿಂತು ಉಗುಳಿದ್ರೆ ಅವನ ಹೊಸ್ತಿಲಿಗೆ ಬೀಳಬೇಕು, ಅಷ್ಟು ಹತ್ತಿರ. ಅಮ್ಮ ಕಲಿಸಿದ ಕೈ, ಅಮ್ಮನ ಗಿರಾಕಿ. ಎರಡನ್ನೂ ತಗೊಂಡು ಹೋದ. ಅಮ್ಮ ಒಂದು ಮಾತು ಬೈಲಿಲ್ಲ. ಕಿಟಕಿ ಹತ್ತಿರ ನಿಂತು ಅವನ ಅಂಗಡಿಗೆ ಎಷ್ಟು ಜನ ಹತ್ತಿದ್ರು ಅಂತ ನೋಡಿ ಖುಷಿ ಪಡೋಳು! ತಂಗಿ ಮದುವೆಯಾಗಿ ಬೇರೆ ಊರಿಗೆ ಹೋದ್ಳು, ಮಕ್ಕಳ ಫ್ರಾಕು ಹೊಲಿಸಿಕೊಳ್ಳೋಕೆ ಮಾತ್ರ ಅಮ್ಮನ ನೆನಪಾಗೋದು. ನಾನು? ನನಗೂ ಒಬ್ಬ ಇದ್ದ. ಗುಂಡಿ ಅಂಗಡಿಯೋನು. ಗುಂಡಿ ತರೋಕೆ ಅಂತ ಹೋದ್ರೆ ಬೇಕಾದ ಬಣ್ಣ ಇದ್ರೂ ಇಲ್ಲ ಅನ್ನೋನು, ನಾಳೆ ಬನ್ನಿ ಅನ್ನೋನು... ಮನೆಗೂ ಬಂದು ಕೇಳಿದ. ನನ್ನ ಮದುವೆ ಮಾತು ಬಂದಾಗೆಲ್ಲ ಅಮ್ಮನಿಗೆ ಮೈ ಹುಷಾರು ತಪ್ಪುತ್ತಿತ್ತು. ಮಾತು ಮುರಿದ ಮಾರನೇ ದಿನ ಗುಣ! ನನ್ನ ಕೈ ಹಿಡ್ಕೊಂಡು ಹೇಳಿದ್ಳು. ಈ ಕೈ... ಇದೇ ಕೈ. 'ಅವರಿಬ್ಬರೂ ಹೋಗೋರು ಕಣೇ. ನೀನೊಬ್ಬಳೇ ನನ್ನೋಳು. ಸತ್ತ ಮೇಲೂ ನಾನು ಕರೆಯೋದು ನಿನ್ನನ್ನೇ.' ನಂಬಿದೆ. ಹೆತ್ತವಳ ಮಾತು ನಂಬದೆ ಇನ್ಯಾರ ಮಾತು ನಂಬಲಿ ಹೇಳಿ?

"ಅವಳು ಕಾಯಿಲೆ ಬಿದ್ದು ಮಲಗಿದ್ಮೇಲೆ ಕತ್ತರಿಸೋ ಮೇಜಿನ ಪಕ್ಕದಲ್ಲೇ ಹಾಸಿಗೆ ಹಾಕಿಸಿಕೊಂಡ್ಳು. ಆಗ ಅಣ್ಣನ ತಟ್ಟೂ ಇಲ್ಲ, ತಂಗಿ ತಟ್ಟೂ ಇಲ್ಲ, ಬೆಳಗಿಂದ ಸಂಜೆ ತನಕ ನಂದೇ. ನೀರು ಬೇಕು, ಸರ್ರ್. ದಿಂಬು ಜಾರಿತು, ಸರ್ರ್. ಸುಮ್ಮನೆ ನಿನ್ನ ಮುಖ ನೋಡಬೇಕಿತ್ತು, ಸರ್ರ್. ನನಗೆ ಬೇಜಾರಾಯ್ತು ಅಂದ್ಕೊಂಡ್ರಾ? ನನ್ನ ಬದುಕಿನಲ್ಲಿ ಅಷ್ಟು ಸುಖವಾಗಿದ್ದ ಕಾಲ ಇನ್ನೊಂದಿಲ್ಲ. ಹಾಗೇ ಒಂದು ದಿನ ಕಡ್ಡಿ ಕೈಯಿಂದ ಜಾರಿತು, ಹೋದ್ಳು.

"ದೆವ್ವಕ್ಕೆ ಹೆದರಿ ಓಡಿದೋರನ್ನ ನೀವು ನೋಡಿರ್ತೀರಿ. ದೆವ್ವ ಬರಲಿ ಅಂತ ಕಾದು ಕೂತೋಳನ್ನ ನೋಡಿದೀರಾ? ನಾನು ಕಾದೆ. ಮಷೀನು ನಿಂತಾಗೆಲ್ಲ ತಲೆ ಎತ್ತಿ ಕಿವಿ ಕೊಡೋದು. ಇಲಿ ಓಡಿದ್ರೂ 'ಬಂದೆ' ಅಂತ ಬಾಯಿ ತುದಿಗೆ ಬರೋದು. ಒಂದು ದಿನ ಹೀಗೇ ಮಳೆ. ಕೆಲಸದೋರು ಊಟಕ್ಕೆ ಎದ್ದಿದ್ರು. ಮೇಲಿಂದ ಬಂತು ನೋಡಿ... ತಟ್ಟು.

"ಒಂದೇ ಏಟು. ಗಟ್ಟಿಯಾಗಿ."

ಹೊಸಬಳು "ಅಣ್ಣಂದು" ಎಂದಳು, ಮೆಲ್ಲಗೆ.

"ಅಣ್ಣಂದು. ನನ್ನ ತಟ್ಟು ಅದಲ್ಲ. ಅವಳಿಗೆ ಒಂದು ಹೊತ್ತು ಗಂಜಿ ಕುಡಿಸದೇ ಇದ್ದ ಅಣ್ಣಂದು! ಅಮ್ಮ ತಪ್ಪಿ ತಟ್ಟಿರಬೇಕು, ಸತ್ತೋರಿಗೆ ಕೈ ತಿಳಿಯುತ್ತೋ ಇಲ್ಲವೋ ಅಂತ ಸಮಾಧಾನ ಮಾಡ್ಕೊಂಡೆ. ಮತ್ತೆ ಬಂತು, ಅದೇ. ಮಾರನೇ ದಿನ ಬಂತು, ಅದೇ. ಮೆಟ್ಟಿಲ ಕೆಳಗೆ ನಿಂತು 'ಅಮ್ಮಾ, ನಾನಿದೀನಿ' ಅಂದೆ. ಸದ್ದೇ ಇಲ್ಲ. ತಿರುಗಿ ಸ್ಟೂಲಿನ ಮೇಲೆ ಕೂತ ತಕ್ಷಣ, ಒಂದೇ ಏಟು. ಎದುರು ಅಂಗಡಿಗೆ ಹೋಗಿ ಅಣ್ಣನಿಗೆ ಹೇಳಬೇಕಿತ್ತಾ? ಯಾಕೆ ಹೇಳಲಿ? ಕರೆಯೋಳಿಗೆ ಬೇಕಿದ್ರೆ ರಸ್ತೆ ದಾಟಿ ಹೋಗಿ ತಟ್ಟಲಿ.

"ಅವನೇ ಬಂದ. ದಪ್ಪ ಸೂಜಿ ಕೇಳೋಕೆ ಬಂದಿದ್ದ, ಕೋಟಿನ ಸೂಜಿ. ಅರವತ್ತು ದಾಟಿದ ಮನುಷ್ಯ, ಮೊಣಕಾಲು ನೋವು, ರಸ್ತೆ ದಾಟೋಕೂ ಕಂಬ ಹಿಡ್ಕೊಂಡು ನಿಂತು ಉಸಿರು ಬಿಡೋನು. ನಾನು ಡಬ್ಬಿ ತೆಗೆದು ಸೂಜಿ ಹುಡುಕ್ತಾ ಇದೀನಿ, ಮಷೀನು ನಿಂತಿದೆ, ಬಂತು ತಟ್ಟು. ಅವನ ಬಾಯಿ ಯೋಚನೆ ಮಾಡಲಿಲ್ಲ. 'ಬಂದೆ ಅಮ್ಮಾ' ಅಂದ! ಎರಡೆರಡು ಮೆಟ್ಟಿಲು ಹಾರಿ ಹತ್ತಿದ, ಹದಿನೈದು ವರ್ಷದ ಹುಡುಗ ಹತ್ತಿದ ಹಾಗೆ. ನನಗೆ ನಗು ಬಂತು, ಆಮೇಲೆ ನಿಂತುಹೋಯ್ತು. ಮೇಲೆ ಕತ್ತರಿ ಓಡ್ತಾ ಇದೆ. ಅಮ್ಮ ಉದ್ದಕ್ಕೆ ಒಂದೇ ಸಮ ಕತ್ತರಿಸೋಳು, ಎತ್ತುತ್ತಲೇ ಇರಲಿಲ್ಲ... ಅದೇ ಸದ್ದು. ನಡುವೆ ಅಣ್ಣನ ಮಾತು, 'ಹೂಂ ಅಮ್ಮ... ಇಲ್ಲಮ್ಮ... ಹಾಗೇ ಮಾಡ್ತೀನಿ.' ಅಮ್ಮ ನಕ್ಕಳು. ಅಷ್ಟು ವರ್ಷ ಮೈ ಒರೆಸಿ ತಲೆ ಬಾಚಿದೆನಲ್ಲ, ನನ್ನ ಜೊತೆ ಒಂದು ದಿನ ಹಾಗೆ ನಗಲಿಲ್ಲ ಅವಳು.

"ನಾನು ಕೆಳಗೇ ನಿಂತಿದ್ದೆ. ನನ್ನ ತಟ್ಟಲ್ಲವಲ್ಲ. ಸದ್ದೆಲ್ಲ ನಿಂತ ಮೇಲೆ ಕೆಲಸದೋರನ್ನ ಕರ್ಕೊಂಡು ಹತ್ತಿದೆ. ಮೇಜಿನ ಮೇಲೆ ತಲೆ ಇಟ್ಟು ಕೂತಿದ್ದ, ಮಧ್ಯಾಹ್ನದ ನಿದ್ದೆ ಮಾಡೋ ಮಗು ಹಾಗೆ. ಜೀವ ಇರಲಿಲ್ಲ. ಡಾಕ್ಟರು ಎದೆ ನಿಂತಿದೆ ಅಂದ್ರು, ಮೆಟ್ಟಿಲು ಹತ್ತಿದ್ದಕ್ಕೆ ಅಂದ್ರು. ಆಗಬಹುದು. ಆದ್ರೆ ಅವನ ಅಂಗಿ ಮೇಲೆ ಈ ಭುಜದಿಂದ ಆ ಭುಜಕ್ಕೆ ಸೀಮೆಸುಣ್ಣದ ಗೀಟಿತ್ತು. ಹೊಸ ಗೀಟು, ಮುಟ್ಟಿದ್ರೆ ಬೆರಳಿಗೆ ಅಂಟ್ತು. ಅಳತೆ ತಗೊಂಡಿದಾಳೆ, ತಿಳೀತಾ? ಮಗನಿಗೆ ಬಟ್ಟೆ ಹೊಲಿಯೋಕೆ ಕರ್ಕೊಂಡಿದಾಳೆ. ನನಗೆ ಚಿಕ್ಕಂದಿನಿಂದ ಒಂದು ಹೊಸ ಬಟ್ಟೆ ಕತ್ತರಿಸಿದೋಳಲ್ಲ. ಅಣ್ಣನ ಹಳೇದನ್ನ ಬಿಚ್ಚಿ ನನಗೆ, ಹೊಸ ಥಾನಿನ ಬಟ್ಟೆ ತಂಗಿಗೆ.

"ಅತ್ತೋರೆಲ್ಲ ಅಣ್ಣನಿಗೋಸ್ಕರ ಅತ್ರು. ನಾನೂ ಅತ್ತೆ. ನನ್ನ ಕಣ್ಣೀರು ಯಾಕೆ ಅಂತ ಯಾರೂ ಕೇಳಲಿಲ್ಲ.

"ಆಮೇಲೆ ತಂಗಿ ತಟ್ಟು. ಟಕಟಕಟಕ... ಮಳೆ ಬಂದಾಗ, ಕೆಲಸ ನಿಂತಾಗ. ಅವಳು ದೂರದ ಊರಲ್ಲಿದ್ಳು, ಬರದೇ ಇರಲಿ ಅಂದ್ಕೊಂಡೆ. ಬಂದ್ಳು, ಮೊಮ್ಮಗಳ ಫ್ರಾಕು ಹಿಡ್ಕೊಂಡು! ಬಂದ ಗಳಿಗೆಯಿಂದ ನಾನು ಮಷೀನು ಬಿಟ್ಟೇಳಲಿಲ್ಲ. ನೂಲು ಮುಗಿದ್ರೂ ತುಳಿದೆ, ಬಟ್ಟೆ ಇಲ್ಲದೇ ತುಳಿದೆ. 'ಅಕ್ಕಾ, ಹುಚ್ಚು ಹಿಡೀತಾ ನಿನಗೆ, ಗಾಳಿಗೆ ಅಂಗಿ ಹೊಲೀತಿದೀಯಲ್ಲ' ಅಂದ್ಳು. ಅವಳನ್ನ ಉಳಿಸೋಕೆ ತುಳಿದೆ ಅಂತ ನೀವಂದ್ಕೊಂಡ್ರೆ ನಿಮ್ಮ ದೊಡ್ಡ ಮನಸ್ಸು. ನನಗೆ ಕೊಟ್ಟ ಮಾತನ್ನ ಮುರಿದು ಅವಳನ್ನ ಕರೀತಾಳಲ್ಲ, ಅದು ನಡೀಬಾರದು ಅಂತ ತುಳಿದೆ. ಎಷ್ಟು ಹೊತ್ತು ತುಳೀಲಿ? ಬೆಲ್ಟು ಹರೀತು. ಸದ್ದು ಅಡಗಿದ್ದೇ ತಡ, ಬಂತು. 'ಬಂದೆ ಅಮ್ಮಾ' ಅಂದೇಬಿಟ್ಳು ಅವಳು. ಕೈ ಹಿಡ್ಕೊಂಡೆ. 'ಬಿಡೇ ಅಕ್ಕ, ಅಮ್ಮ ಕರೀತಿದಾಳೆ' ಅಂದ್ಳು. ಮುಖ ನೋಡಿದ್ರೆ ಎರಡು ಜಡೆಯ ಹುಡುಗಿ ಮುಖ. ಕೈ ಕೊಸರ್ಕೊಂಡು ಓಡಿದ್ಳು.

"ಅವಳನ್ನ ನೋಡಿದಾಗ ಕಿಟಕಿ ಹತ್ತಿರ ಸ್ಟೂಲಿನ ಮೇಲೆ ಗೋಡೆಗೆ ಒರಗಿ ಕೂತಿದ್ಳು. ಹಾಕಿಕೊಂಡಿದ್ದ ಬಟ್ಟೆಯ ಅಂಚಿಗೆ ಸುತ್ತಲೂ ಗುಂಡುಸೂಜಿ, ಒಂದಕ್ಕೊಂದು ಸಮನಾದ ದೂರ... ಹಾಗೆ ಚುಚ್ಚೋ ಕೈ ಯಾರದು ಅಂತ ನನಗೆ ಗೊತ್ತಿಲ್ವಾ?

"ಇನ್ನು ಉಳಿದೋಳು ನಾನೊಬ್ಬಳು. ಸರಿ, ಊಟಕ್ಕೆ ಎಲ್ಲರನ್ನೂ ಮೊದಲು ಕರೆದು ಕೊನೆಗೆ ಮನೇಲಿ ದುಡಿಯೋಳನ್ನ ಕರೀತಾರಲ್ಲ, ಹಾಗೆ ಅಂದ್ಕೊಂಡೆ. ಅಣ್ಣನ ಮಗಳು, ಇಗೋ ಇವಳು, ಎರಡು ಅಂಗಡೀನೂ ಒಂದು ಮಾಡಿದ್ಳು, ಕರೆಂಟಿನ ಮಷೀನು ತಂದ್ಳು, ಕರೆಂಟು ಹೋದ್ರೂ ನಿಲ್ಲಬಾರದು ಅಂತ ಬ್ಯಾಟರಿ ತಂದ್ಳು. ಗಿರಾಕಿಗೋಸ್ಕರ ಅಂತಾಳೆ. ಇರಬಹುದಪ್ಪ. ಮೆಟ್ಟಿಲಿಗೆ ಗಂಟು ಒಟ್ಟಿಸಿದ್ಳು. ಜಾಗ ಇಲ್ಲ ಅಂತಾಳೆ. ಅದೂ ಇರಬಹುದು. ನಾನು ಮಾತ್ರ ದಿನಾ ತಲೆ ಬಾಚಿ, ಒಗೆದ ಬಟ್ಟೆ ಹಾಕ್ಕೊಂಡು ಈ ಸ್ಟೂಲಿನ ಮೇಲೆ ಕೂರೋದು. ಕರೆದಾಗ ಕೊಳಕಾಗಿ ಹೋಗಬಾರದಲ್ಲ...

"ಮೊನ್ನೆ ಬ್ಯಾಟರಿ ಕೈಕೊಡ್ತು. ನೀವೆಲ್ಲ ಚಹಾಕ್ಕೆ ಹೋಗಿದ್ರಿ. ಬಂತು."

ಅಜ್ಜಿ ಬಲಗೈಯ ಬೆರಳುಗಳಿಂದ ತನ್ನ ತೊಡೆಯ ಮೇಲೆ ತಟ್ಟಿ ತೋರಿಸಿದಳು. ಮೆತ್ತಗೆ, ನಿಧಾನವಾಗಿ, ಮಗುವನ್ನು ಮಲಗಿಸುವಾಗ ಬೆನ್ನು ತಟ್ಟುವ ಹಾಗೆ.

"ಇವಳು ಚಿಕ್ಕವಳಿದ್ದಾಗ ಕತ್ತರಿಸೋ ಮೇಜಿನ ಕೆಳಗೆ ಚೂರು ಬಟ್ಟೆ ಗುಡ್ಡೆ ಮಾಡಿ ಮಲಗಿಸ್ತಿದ್ರು. ಅಮ್ಮ ಒಂದು ಕೈಯಲ್ಲಿ ಗೀಟು ಹಾಕ್ತಾ ಇನ್ನೊಂದು ಕೈಯಲ್ಲಿ ಗಜಕಡ್ಡೀಲಿ ನೆಲ ತಟ್ಟೋಳು. ಆ ಸದ್ದಿಗೇ ಇವಳಿಗೆ ನಿದ್ದೆ. ಅಜ್ಜಿ ಅಂದ್ರೆ ಪ್ರಾಣ ಇವಳಿಗೆ. ಅಜ್ಜಿಗೂ ಅಷ್ಟೇ... ಈಗ ಹೇಳಿ, ಮಗನಾಯ್ತು, ಮಗಳಾಯ್ತು, ಮೊಮ್ಮಗಳ ಸರದೀನೂ ಬಂತು. ನಾನು ಅವಳಿಗೆ ಏನು?"

"ಅತ್ತೆ, ಸಾಕು" ಎಂದಳು ಯಜಮಾನಿ. ಅವಳ ಬೆರಳು ಇನ್ನೂ ಬ್ಯಾಟರಿಯ ಗುಂಡಿಯ ಮೇಲೇ ಇತ್ತು. "ಗಿರಾಕಿ ಮುಂದೆ ಇದೆಲ್ಲ ಯಾಕೆ? ಅಜ್ಜಿ ನಿಮ್ಮನ್ನೇ ನಂಬಿಕೊಂಡಿದ್ರು. ನಾನು ನೋಡಿಲ್ವಾ?"

"ನಂಬಿಕೊಂಡಿದ್ಳು. ಅದನ್ನೇ ಹೇಳ್ತಿರೋದು. ನಂಬಿಕೊಂಡಿದ್ಳು, ಅಷ್ಟೇ."

ಆಗ ಮೇಲಿನಿಂದ ಸದ್ದು ಬಂತು. ನಾನು ಕೇಳಿದ್ದನ್ನು ಮಾತ್ರ ಹೇಳುತ್ತೇನೆ: ಮರದ ಮೇಲೆ ಮರ ತಾಗಿದ ಸದ್ದು, ಮೆತ್ತಗೆ, ಸಮನಾದ ಬಿಡುವು ಕೊಟ್ಟು. ಕಿಟಕಿಯ ಬಾಗಿಲು ಗಾಳಿಗೆ ಆಡಿದರೂ ಅಂಥ ಸದ್ದು ಬರಬಹುದು. ಆ ಕಿಟಕಿ ತೆರೆದಿತ್ತೋ ಮುಚ್ಚಿತ್ತೋ ನಾನು ನೋಡಿಲ್ಲ. ಇಸ್ತ್ರಿಯವನು ತಲೆಯೆತ್ತಿದ. ಯಜಮಾನಿಯ ಮುಖದ ಬಿಗಿ ಸಡಿಲವಾಯಿತು. ನಿದ್ದೆ ಬರುವವರ ಮುಖದ ಹಾಗಾಯಿತು. ಅವಳ ಬಾಯಿ ತೆರೆದುಕೊಂಡಿತು.

"ಬಂದೆ ಅಮ್ಮಾ!"

ಕೂಗಿದವಳು ಕಾಜಾ ಅಜ್ಜಿ. ಎದ್ದ ರಭಸಕ್ಕೆ ಸ್ಟೂಲು ಉರುಳಿತು. ಗಂಟುಗಳನ್ನು ಎರಡೂ ಕೈಯಿಂದ ಎಳೆದು ಹಾಕಿದಳು. ಅವುಗಳಲ್ಲಿ ಒಂದನ್ನು ಆಮೇಲೆ ಇಸ್ತ್ರಿಯವನು ಒಬ್ಬನೇ ಎತ್ತಲಾರದೆ ಹೊಸಬಳನ್ನು ಕರೆದ. ಬಾಗಿಲು ತೆರೆದು ಅಜ್ಜಿ ಮೆಟ್ಟಿಲು ಹತ್ತಿದಳು. ಅವಳ ಹೆಜ್ಜೆ ನಮ್ಮ ತಲೆಯ ಮೇಲೆ ಕಿಟಕಿಯ ಕಡೆಗೆ ನಡೆದು ನಿಂತಿತು. ತಟ್ಟು ನಿಂತಿತು. ಮಳೆಯ ಸದ್ದು ಮಾತ್ರ ಉಳಿಯಿತು. ಯಜಮಾನಿ ಕುರ್ಚಿಯಲ್ಲಿ ಕುಸಿದು, ನೀರು ಕೊಡಿ ಎಂದಳು. ಮೇಲೆ ಹೋಗಿ ನೋಡೋಣವೇ ಎಂದು ನಾನು ಕೇಳಿದೆ. ಯಾರೂ ಏಳಲಿಲ್ಲ, ನಾನೂ ಏಳಲಿಲ್ಲ.

ಸ್ವಲ್ಪ ಹೊತ್ತಿಗೆ ಅಜ್ಜಿಯೇ ಇಳಿದು ಬಂದಳು. ಗೋಡೆ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು. ಬಟ್ಟೆಯ ಮೇಲೆ ಸೀಮೆಸುಣ್ಣವಾಗಲಿ ಸೂಜಿಯಾಗಲಿ ಇರಲಿಲ್ಲ. ನಾನು ನೋಡಿದೆ, ಅವಳೂ ನೋಡಿಕೊಂಡಳು. ಸ್ಟೂಲನ್ನು ಎತ್ತಿ ನಿಲ್ಲಿಸಿ ಕೂತು, ಅಂಗಿಯನ್ನು ಮತ್ತೆ ಕೈಗೆ ತೆಗೆದುಕೊಂಡಳು.

"ಏನಾಯ್ತು ಅಜ್ಜಿ?" ಎಂದಳು ಹೊಸಬಳು.

"ಏನಾಗುತ್ತೆ? ಮಾತಾಡಿದ್ಳು. ಸತ್ತ ಮೇಲೆ ನನ್ನ ಹತ್ತಿರ ಮೊದಲ್ನೇ ಸಲ." ಅಜ್ಜಿ ಸೂಜಿಯ ಕಣ್ಣನ್ನು ಕಿಟಕಿಯ ಬೆಳಕಿಗೆ ಹಿಡಿದು ನೂಲು ಪೋಣಿಸಿದಳು. "'ನೀನಲ್ಲ' ಅಂದ್ಳು. 'ನೀನು ಕೆಳಗೆ ಹೋಗಿ ಮಗೂನ ಕಳಿಸು' ಅಂದ್ಳು. ಅವಳು ಹೇಳಿದ ಕೆಲಸ ಯಾವತ್ತು ಬಿಟ್ಟಿದೀನಿ ನಾನು? ಬಂದು ಹೇಳಿದೀನಿ, ಅಷ್ಟೇ. ಹೋಗೋದು ಬಿಡೋದು ಅವಳಿಗೂ ಮೊಮ್ಮಗಳಿಗೂ ಬಿಟ್ಟಿದ್ದು."

ಯಜಮಾನಿಯ ಕಡೆ ಅವಳು ನೋಡಲಿಲ್ಲ. ಕರೆಂಟು ಬರಲಿಲ್ಲ. ಮಳೆ ಸಣ್ಣಗಾದ ಮೇಲೆ ನಾನು ಒಂದು ಕಾಲು ಗಿಡ್ಡವಾದ ಪ್ಯಾಂಟನ್ನು ಅಲ್ಲೇ ಬಿಟ್ಟು ಹೊರಟೆ.

ತಿಂಗಳ ಕೊನೆಗೆ ಹೋದಾಗ ಅಂಗಡಿ ಆ ಬೀದಿಯಲ್ಲಿ ಇರಲಿಲ್ಲ. ಮಾರುಕಟ್ಟೆಯ ಹಿಂದೆ, ಮಹಡಿಯಿಲ್ಲದ ಕಟ್ಟಡವೊಂದಕ್ಕೆ ಹೋಗಿತ್ತು. ಮಷೀನುಗಳು ಓಡುತ್ತಿದ್ದವು. ಕಾಜಾ ಅಜ್ಜಿ ಹಳೆಯ ಜಾಗ ಬಿಟ್ಟು ಬರಲು ಒಪ್ಪಲಿಲ್ಲ, ಈಗ ಒಂದು ಮಷೀನೂ ಇಲ್ಲದ ಆ ಕೋಣೆಯಲ್ಲಿ ಒಬ್ಬಳೇ ಇದ್ದಾಳೆ ಎಂದು ಇಸ್ತ್ರಿಯವನು ಹೇಳಿದ. ಯಜಮಾನಿ ದಿನವೂ ಮಧ್ಯಾಹ್ನ ಅವಳಿಗೆ ಊಟ ಕೊಟ್ಟು ಬರುತ್ತಾಳಂತೆ. ಅವತ್ತೂ ಹೋಗಿದ್ದಳು, ಈಗ ಬಂದುಬಿಡುತ್ತಾರೆ ಎಂದ. ನಾನು ಬೆಂಚಿನ ಮೇಲೆ ಕೂತು ಕಾದೆ. ಸಂಜೆಯಾದರೂ ಅವಳು ಬರಲಿಲ್ಲ. ಇಸ್ತ್ರಿಯವನೇ ಪ್ಯಾಂಟು ಮಡಿಸಿ ಕೊಟ್ಟ.